‘ಹುಳ ಔಷಧಿಗೆ ಒಗ್ಗಿಕೊಂಡಿದೆ’ ಎಂಬ ಮಾತಿನಲ್ಲಿ ತಪ್ಪೇನಿದೆ?

ಸೀಮೆಸುಣ್ಣ, ಮುಳಬಾಗಿಲು (ಭಾನುವಾರ)

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದ ಮೇಲೂ, ಅನುವಂಶೀಯತೆಯ ಪಾಠ ಮುಗಿಯುವಾಗ ಒಂದು ಪೀರಿಯಡ್ಡನ್ನು ಅದಕ್ಕೆಂದು ಉಳಿಸಿಕೊಳ್ಳುವುದು ನನ್ನ ರೂಢಿ. ಈ ಸಲ ದೂರದ ದ್ವೀಪದ ಹಕ್ಕಿಗಳನ್ನು ಬಿಟ್ಟು, ನಮ್ಮ ಟೊಮೆಟೊ ತೋಟದಲ್ಲಿ ಔಷಧಿ ಹೊಡೆದರೂ ಸಾಯದ ಹುಳದಿಂದಲೇ ಡಾರ್ವಿನ್ನನ ನೈಸರ್ಗಿಕ ಆಯ್ಕೆಯನ್ನು ವಿವರಿಸಲು ಹೊರಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಮ್ಮ ತಾತನೂ ಇದನ್ನೇ ಹೇಳುತ್ತಾರೆ ಸರ್, ಹುಳ ಔಷಧಿಗೆ ಒಗ್ಗಿಕೊಂಡಿದೆ ಎಂದು” ಎಂದಳು. ಹಾಗಲ್ಲಮ್ಮ, ಯಾವ ಹುಳವೂ ಒಗ್ಗಿಕೊಳ್ಳಲಿಲ್ಲ, ಯೋಗ್ಯವಾದವು ಉಳಿದುಕೊಂಡವು ಎಂದು ತಿದ್ದಿದೆ. “ಯೋಗ್ಯವಾದವು ಎಂದರೆ ಯಾವುವು ಸರ್?” ಎಂದು ಕೇಳಿದಳು. “ಉಳಿದುಕೊಂಡವು” ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ತರಗತಿಯೆಲ್ಲ ನಕ್ಕಿತು.

ನಗುವಿನಲ್ಲಿ ನ್ಯಾಯವಿತ್ತು ಎಂದು ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ಉಳಿದವು ಉಳಿದವು ಎಂದಷ್ಟೇ ಹೇಳುವ ಮಾತು ವಿಜ್ಞಾನದ ನಿಯಮ ಹೇಗಾದೀತು? ತಾತನ ಮಾತಿಗೂ ನನ್ನ ಮಾತಿಗೂ ಇರುವ ಅಂತರವಾದರೂ ಏನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು, ಗುರುವಾರ ಮತ್ತೆ ಅದೇ ತರಗತಿಗೆ ಹೋಗಬೇಕಾಗಿದೆ.

ಪಾವಗಡದ ಬಿಸಿಲು

ಹುಡುಗಿ ಸರಿಯಾದ ಜಾಗಕ್ಕೇ ಕೈಹಾಕಿದ್ದಾಳೆ. ಗೆದ್ದವನೇ ಗಟ್ಟಿಗ, ಗಟ್ಟಿಗನೇ ಗೆಲ್ಲುವುದು ಎಂಬುದನ್ನು ಚುನಾವಣೆಯ ಮರುದಿನ ಯಾರು ಬೇಕಾದರೂ ಹೇಳುತ್ತಾರೆ.

ಕಲ್ಪತರು, ತಿಪಟೂರು

ಮೇಷ್ಟ್ರೇ, ನಾನು ನಿವೃತ್ತನಾಗುವವರೆಗೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿದವನು. ನೀವು ಬಿದ್ದಿರುವ ಹಳ್ಳದಲ್ಲಿ ದೊಡ್ಡವರೂ ಬಿದ್ದಿದ್ದಾರೆ. ವಿಜ್ಞಾನದ ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್ 1974ರಲ್ಲಿ ಡಾರ್ವಿನ್‌ವಾದವು ಪರೀಕ್ಷೆಗೆ ಒಡ್ಡಬಹುದಾದ ಸಿದ್ಧಾಂತವಲ್ಲ, ಸಂಶೋಧನೆಗೆ ದಾರಿ ತೋರುವ ತತ್ತ್ವಮೀಮಾಂಸೆ ಎಂದು ಬರೆದರು, 1978ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು.

ಈ ತೊಡಕು ಡಾರ್ವಿನ್ನನಿಂದ ಹುಟ್ಟಿದ್ದಲ್ಲ ಎಂಬುದನ್ನೂ ಗಮನಿಸಬೇಕು. ಯೋಗ್ಯತಮರ ಉಳಿವು ಎಂಬ ಪದಗುಚ್ಛ ಇಂಗ್ಲೆಂಡಿನ ತತ್ತ್ವಜ್ಞಾನಿ ಹರ್ಬರ್ಟ್ ಸ್ಪೆನ್ಸರನದು, 1864ರದು. ‘ಆಯ್ಕೆ’ ಎಂದರೆ ಆಯುವವನೊಬ್ಬ ಇದ್ದಾನೆಂದು ಜನ ತಿಳಿಯುತ್ತಾರೆ, ಆದುದರಿಂದ ಸ್ಪೆನ್ಸರನ ಮಾತನ್ನೇ ಬಳಸು ಎಂದು ನೈಸರ್ಗಿಕ ಆಯ್ಕೆಯನ್ನು ತಾನೂ ಕಂಡುಕೊಂಡಿದ್ದ ವಾಲೇಸ್ 1866ರಲ್ಲಿ ಡಾರ್ವಿನ್ನನಿಗೆ ಕಾಗದ ಬರೆದ. ಡಾರ್ವಿನ್ನನ ‘ಜೀವಜಾತಿಗಳ ಉಗಮ’ ಪುಸ್ತಕದ 1869ರ ಐದನೆಯ ಆವೃತ್ತಿಯಲ್ಲಿ ಅದು ಸೇರಿಕೊಂಡಿತು. ಆಯುವವನನ್ನು ಓಡಿಸಲು ತಂದ ಮಾತು ಈ ಸುತ್ತುವಾದವನ್ನು ಮನೆಯೊಳಗೆ ಕರೆತಂದಿತು. ಇಲಿಯ ಕಾಟಕ್ಕೆಂದು ಬೆಕ್ಕು ತಂದು, ಆಮೇಲೆ ಹಾಲಿನ ಪಾತ್ರೆಗೆ ಕಾವಲು ಕೂತಂತೆ.

ಅಕ್ಕಡಿ ಸಾಲು, ಚಿಂತಾಮಣಿ

ತಾತನ ಮಾತನ್ನು ಅಷ್ಟು ಬೇಗ ತಪ್ಪೆನ್ನಬೇಡಿ ಮೇಷ್ಟ್ರೇ. ನಾನು ಕೃಷಿ ಓದಿ ಊರಿಗೆ ಮರಳಿದವಳು, ಎಲೆಕೋಸನ್ನೂ ಟೊಮೆಟೊವನ್ನೂ ಬೆಳೆಯುತ್ತೇನೆ. ಮೊದಲ ಸಲ ಹೊಸ ಔಷಧಿ ಹೊಡೆದ ಮರುದಿನ ಕೋಸಿನ ಎಲೆ ಮಗುಚಿ ನೋಡಿದರೆ, ಹಸಿರು ಹುಳಗಳು ದಾರದಂತೆ ಬಾಡಿ ಬಿದ್ದಿರುತ್ತವೆ, ನೂರಕ್ಕೆ ಒಂದೋ ಎರಡೋ ಮಾತ್ರ ಮುಟ್ಟಿದರೆ ನುಲಿಯುತ್ತವೆ. ಕೆಲವು ಹಂಗಾಮುಗಳು ಕಳೆದ ಮೇಲೆ ಅದೇ ಔಷಧಿಯನ್ನು ಅದೇ ಅಳತೆಯಲ್ಲಿ ಹೊಡೆದರೆ ನುಲಿಯುವವೇ ಹೆಚ್ಚು. ಪ್ರತಿ ಬೆಳೆಯಲ್ಲೂ ಎಲೆ ಮಗುಚಿದವನಿಗೆ ‘ಹುಳ’ ಎಂದರೆ ಈ ಒಂದು ಹುಳವಲ್ಲ, ಹುಳದ ಸಂತತಿ. ಸಂತತಿಯ ಬಗ್ಗೆ ಆ ಮಾತು ನಿಜ, ಒಂದೊಂದೇ ಹುಳದ ಬಗ್ಗೆ ಸುಳ್ಳು. ಕನ್ನಡದಲ್ಲಿ ಎರಡಕ್ಕೂ ಒಂದೇ ಏಕವಚನ ಸಾಕಾಗುವುದರಿಂದ ಗೊಂದಲವಾಗುತ್ತದೆ.

ಎರ್ನ್‌ಸ್ಟ್ ಮೇಯರ್ ಎಂಬ ಜೀವವಿಜ್ಞಾನಿ ಡಾರ್ವಿನ್ನನ ದೊಡ್ಡ ತಾತ್ತ್ವಿಕ ಹೆಜ್ಜೆ ಇದೇ ಎನ್ನುತ್ತಿದ್ದರು. ‘ಹುಳ’ ಎಂಬ ಒಂದು ಅಚ್ಚು ಇದೆ, ಒಂದೊಂದು ಹುಳವೂ ಅದರ ಅಷ್ಟಿಷ್ಟು ಕೆಟ್ಟ ಪ್ರತಿ ಎಂದು ಪ್ಲೇಟೊನ ಕಾಲದಿಂದ ಯೋಚಿಸುತ್ತ ಬಂದವರಿಗೆ, ಅಚ್ಚು ಎಂಬುದೇ ಇಲ್ಲ, ಇರುವುದು ಒಂದಕ್ಕೊಂದು ಬೇರೆಯಾದ ಹುಳಗಳ ಗುಂಪು ಮಾತ್ರ, ಆ ಬೇರೆತನವೇ ಅಸಲು ಸಂಗತಿ ಎಂದು ತೋರಿಸಿದ್ದು.

ಮಾವಿನ ತೋಪು, ಶ್ರೀನಿವಾಸಪುರ

ಅಕ್ಕ, ಒಂದೊಂದೇ ಹುಳ ಒಗ್ಗಿಕೊಳ್ಳುವುದಿಲ್ಲ ಎಂದು ಯಾರು ಹೇಳಿದರು? ನಾವು ಖಾರಕ್ಕೆ ಒಗ್ಗಿಕೊಳ್ಳುವುದಿಲ್ಲವೇ? ಕುಡಿತಕ್ಕೆ ಒಗ್ಗಿಕೊಂಡವರನ್ನು ನೋಡಿಲ್ಲವೇ? ಸ್ವಲ್ಪ ಸ್ವಲ್ಪ ವಿಷ ತಿಂದು ಹುಳ ಗಟ್ಟಿಯಾಗಿ, ಆ ಗಟ್ಟಿತನವನ್ನು ಮರಿಗಳಿಗೆ ಕೊಟ್ಟಿತು ಎಂದರೂ ನೀವು ಕಂಡದ್ದೇ ಕಾಣುತ್ತದೆ. ಕಣ್ಣಿಗೆ ಕಾಣುವ ಫಲಿತಾಂಶ ಒಂದೇ ಆಗಿರುವಾಗ ನಿಮ್ಮ ಕತೆ ಸರಿ, ತಾತನ ಕತೆ ತಪ್ಪು ಎನ್ನಲು ಆಧಾರವೇನು?

ಅಂತರಗಂಗೆ, ಕೋಲಾರ

ಈ ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೇ, ಇದನ್ನು ತೀರ್ಮಾನಿಸಿದ ಪ್ರಯೋಗವೂ ಇದೆ. 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್ಬ್ರುಕ್ ಹುಳಗಳ ಬದಲು ಬ್ಯಾಕ್ಟೀರಿಯಾಗಳನ್ನೂ, ಔಷಧಿಯ ಬದಲು ಅವುಗಳನ್ನು ಕೊಲ್ಲುವ ವೈರಾಣುವನ್ನೂ ತೆಗೆದುಕೊಂಡರು. ಹಲವಾರು ಪುಟ್ಟ ಕೊಳವೆಗಳಲ್ಲಿ ಕೆಲವೇ ಬ್ಯಾಕ್ಟೀರಿಯಾಗಳನ್ನು ಬಿಟ್ಟು, ಬೇರೆಬೇರೆಯಾಗಿ ಬೆಳೆಸಿ, ಕೊನೆಗೆ ಒಂದೊಂದು ಕೊಳವೆಯದನ್ನು ಒಂದೊಂದು ವೈರಾಣು ತುಂಬಿದ ತಟ್ಟೆಯ ಮೇಲೆ ಸುರಿದರು.

ವೈರಾಣು ತಗುಲಿದ ಮೇಲೆ ಬ್ಯಾಕ್ಟೀರಿಯಾ ಗಟ್ಟಿಯಾಗುವುದಾದರೆ, ಎಲ್ಲ ತಟ್ಟೆಗಳಿಗೂ ಆ ಅವಕಾಶ ಒಂದೇ ಆದ್ದರಿಂದ, ಬದುಕಿದವುಗಳ ಲೆಕ್ಕ ಹೆಚ್ಚುಕಡಿಮೆ ಒಂದೇ ಇರಬೇಕು. ಗಟ್ಟಿತನವು ವೈರಾಣುವನ್ನು ಕಾಣುವ ಮೊದಲೇ, ಬೆಳೆಯುವಾಗಲೇ, ಎಲ್ಲೋ ಅಕಸ್ಮಾತ್ತಾಗಿ ಹುಟ್ಟುವುದಾದರೆ, ಅದು ಬೇಗ ಹುಟ್ಟಿದ ಕೊಳವೆಯಲ್ಲಿ ಅದರ ಸಂತಾನ ನೂರಾರು ಆಗಿರುತ್ತದೆ, ತಡವಾಗಿ ಹುಟ್ಟಿದಲ್ಲಿ ನಾಲ್ಕಾರು, ಹುಟ್ಟದ ಕಡೆ ಸೊನ್ನೆ. ಕಂಡದ್ದು ಎರಡನೆಯದು: ಬಹಳ ತಟ್ಟೆಗಳಲ್ಲಿ ಏನೂ ಇಲ್ಲ, ಯಾವುದೋ ಒಂದರಲ್ಲಿ ರಾಶಿ. ನಾಣ್ಯ ಹಾಕಿ ಆಡುವ ಜೂಜಿನ ಯಂತ್ರವೊಂದು ಬಹಳ ಹೊತ್ತು ಏನೂ ಕೊಡದೆ ಒಮ್ಮೆಲೇ ಸುರಿದದ್ದನ್ನು ನೋಡಿ ಲೂರಿಯಾನಿಗೆ ಈ ಯೋಚನೆ ಹೊಳೆಯಿತಂತೆ. 1952ರಲ್ಲಿ ಲೆಡರ್‌ಬರ್ಗ್ ದಂಪತಿಗಳು ಮಖಮಲ್ಲಿನ ಬಟ್ಟೆಯಿಂದ ಒಂದು ತಟ್ಟೆಯ ಬ್ಯಾಕ್ಟೀರಿಯಾಗಳನ್ನು ಇನ್ನೊಂದು ತಟ್ಟೆಗೆ ಮುದ್ರೆಯೊತ್ತಿ, ವಿಷವನ್ನು ಎಂದೂ ಕಾಣದ ಮೂಲ ತಟ್ಟೆಯಲ್ಲಿಯೇ ಗಟ್ಟಿಯಾದವು ಇದ್ದವೆಂದು ನೇರವಾಗಿ ತೋರಿಸಿದರು.

ಖಾರಕ್ಕೆ ಒಗ್ಗಿಕೊಳ್ಳುವುದೂ ನಿಜವೇ. ಆದರೆ ಖಾರ ತಿಂದು ಪಳಗಿದ ತಂದೆಯ ಮಗು ಮೊದಲ ಮೆಣಸಿನಕಾಯಿಗೆ ಅಳುತ್ತದೆ.

ಮಾವಿನ ತೋಪು, ಶ್ರೀನಿವಾಸಪುರ

ಇದನ್ನು ಒಪ್ಪಿದೆ. ಮಗುವಿನ ಉದಾಹರಣೆಗಿಂತ ತಟ್ಟೆಯ ಲೆಕ್ಕ ಹೆಚ್ಚು ಒಪ್ಪಿಗೆಯಾಯಿತು.

ಕಲ್ಪತರು, ತಿಪಟೂರು

ಪ್ರಯೋಗ ಸೊಗಸಾಗಿದೆ. ಆದರೆ ಅದು, ಬದುಕಿನಲ್ಲಿ ಗಳಿಸಿದ ಗುಣ ಮರಿಗಳಿಗೆ ಇಳಿಯುತ್ತದೆ ಎಂದ ಲಮಾರ್ಕನನ್ನು ಸೋಲಿಸಿತೇ ಹೊರತು ಆ ಹುಡುಗಿಯನ್ನಲ್ಲ. ವ್ಯತ್ಯಾಸ ಮೊದಲೇ ಇತ್ತು ಎಂದು ಸಾಬೀತಾಯಿತು, ಸರಿ. ಯಾವುದು ಯೋಗ್ಯ ಎಂಬುದನ್ನು ಉಳಿವಿನಿಂದಲ್ಲದೆ ಬೇರೆ ಯಾವುದರಿಂದ ಗುರುತಿಸುತ್ತೀರಿ? ವಿಷಯಾಂತರ ಮಾಡದೆ ಇದಕ್ಕೆ ಉತ್ತರ ಕೊಡಿ.

ಅಂತರಗಂಗೆ, ಕೋಲಾರ

ಕೊಡುತ್ತೇನೆ ಸರ್. ಸುಗ್ಗಿಯಾದ ಮೇಲೆ ಬಯಲಲ್ಲಿ ಚಪ್ಪಲಿಯ ಅಟ್ಟೆಗೆ ಚುಚ್ಚಿಕೊಳ್ಳುವ ನೆಗ್ಗಿಲ ಮುಳ್ಳನ್ನು ಎಲ್ಲರೂ ಬಲ್ಲೆವು. ಆ ಮುಳ್ಳುಕಾಯಿಯ ಒಂದು ಹೋಳನ್ನು ಹಲ್ಲಿನಲ್ಲಿ ಕಡಿದು ನೋಡಿದವರಿಗೆ ಒಳಗಿನ ಬೀಜ ತೆಗೆಯುವುದು ಎಷ್ಟು ಕಷ್ಟವೆಂದು ತಿಳಿದಿರುತ್ತದೆ. ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಸಮೂಹದ ಡಾಫ್ನಿ ಮೇಜರ್ ಎಂಬ ಸಣ್ಣ ದ್ವೀಪದಲ್ಲಿ ಇದರ ದಾಯಾದಿ ಗಿಡವೊಂದಿದೆ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ 1973ರಿಂದ ಅಲ್ಲಿನ ಫಿಂಚ್ ಹಕ್ಕಿಗಳ ಕಾಲಿಗೆ ಬಳೆ ಹಾಕಿ, ಕೊಕ್ಕನ್ನು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಬರಲಿಲ್ಲ. ಸಣ್ಣ ಮೆತ್ತನೆಯ ಬೀಜಗಳು ಮೊದಲು ಮುಗಿದು, ಈ ನೆಗ್ಗಿಲ ಜಾತಿಯ ಗಟ್ಟಿ ಕಾಯಿಗಳೇ ಉಳಿದವು. ಎಂಥ ಕೊಕ್ಕು ಇದನ್ನು ಒಡೆಯಬಲ್ಲದು ಎಂಬುದನ್ನು, ಯಾವ ಹಕ್ಕಿ ಸತ್ತಿತು, ಯಾವುದು ಉಳಿಯಿತು ಎಂಬ ಲೆಕ್ಕವನ್ನು ನೋಡದೆಯೇ ಹೇಳಬಹುದು. ದಪ್ಪ ಕೊಕ್ಕಿನವೇ ಹೆಚ್ಚಾಗಿ ಉಳಿದವು, ಅವುಗಳ ಮರಿಗಳ ಕೊಕ್ಕೂ ದಪ್ಪವಿತ್ತು. 1983ರಲ್ಲಿ ಧಾರಾಕಾರ ಮಳೆಯಾಗಿ ಸಣ್ಣ ಬೀಜಗಳೇ ತುಂಬಿಕೊಂಡ ಮೇಲೆ ಸಣ್ಣ ಕೊಕ್ಕಿಗೆ ಅನುಕೂಲವಾಯಿತು. ಯೋಗ್ಯತೆಯನ್ನು ಕೊಕ್ಕು ಮತ್ತು ಬೀಜಗಳ ಸಂಬಂಧದಿಂದ ಓದುತ್ತೇವೆ, ಉಳಿವಿನಿಂದ ಅಲ್ಲ. ಉಳಿವು ಅದಕ್ಕೆ ಪರೀಕ್ಷೆ ಮಾತ್ರ, ಪರೀಕ್ಷೆಯಲ್ಲಿ ನಪಾಸಾಗುವ ಸಾಧ್ಯತೆಯೂ ಇತ್ತು.

ಇನ್ನೊಂದು ಕಡೆಯಿಂದ ನೋಡಿ. ಒಂದೇ ಅಚ್ಚಿನಂಥ ಅವಳಿ ಕುರಿಮರಿಗಳಲ್ಲಿ ಒಂದು ಹುಣಸೆಮರದ ಕೆಳಗೆ ನಿಂತಾಗ ಸಿಡಿಲು ಬಡಿದು ಸತ್ತಿತು, ಇನ್ನೊಂದು ಹತ್ತು ಮರಿ ಹಾಕಿತು. ಯೋಗ್ಯತೆ ಎಂದರೆ ಉಳಿವೇ ಆಗಿದ್ದರೆ ಸತ್ತದ್ದು ಅಯೋಗ್ಯ ಎನ್ನಬೇಕಾಗುತ್ತದೆ, ಹಾಗೆ ಯಾರೂ ಹೇಳುವುದಿಲ್ಲ. 1978ರಲ್ಲಿ ತತ್ತ್ವಜ್ಞಾನಿ ರಾಬರ್ಟ್ ಬ್ರ್ಯಾಂಡನ್, 1979ರಲ್ಲಿ ಸೂಸನ್ ಮಿಲ್ಸ್ ಮತ್ತು ಜಾನ್ ಬೀಟಿ ಇದನ್ನೇ ಹಿಡಿದು, ಯೋಗ್ಯತೆ ಎಂದರೆ ಉಳಿದು ಮರಿ ಹಾಕುವ ಪ್ರವೃತ್ತಿ, ಹಾಕಿದ ಮರಿಗಳ ಲೆಕ್ಕವಲ್ಲ ಎಂದು ಬಿಡಿಸಿದರು.

ಕಲ್ಪತರು, ತಿಪಟೂರು

ಪ್ರವೃತ್ತಿ ಎಂಬ ಹೆಸರಿಟ್ಟರೆ ಕಾರಣ ಹೇಳಿದಂತಾಯಿತೇ? ಈ ಮಾತ್ರೆಗೆ ನಿದ್ದೆ ಬರಿಸುವ ಗುಣವಿರುವುದರಿಂದ ನಿದ್ದೆ ಬರುತ್ತದೆ ಎಂದಂತಿದೆ.

ಅಕ್ಕಡಿ ಸಾಲು, ಚಿಂತಾಮಣಿ

ಡಬ್ಬದಲ್ಲಿರುವ ಬೆಲ್ಲ ನೀರು ಕಾಣದಿದ್ದರೂ ಕರಗುವ ಗುಣದ್ದೇ, ಸರ್. ಆ ಗುಣವನ್ನು ಹೆಸರಿಸಿದರೆ ಕಾರಣ ಹೇಳಿದಂತಾಗುವುದಿಲ್ಲ ಎಂಬುದು ನಿಜ. ಆದರೆ ಬೆಲ್ಲದ ಅಣುವಿಗೂ ನೀರಿನ ಅಣುವಿಗೂ ಇರುವ ನಂಟನ್ನು ಹುಡುಕಲು ಅಲ್ಲಿಂದ ದಾರಿ ತೆರೆಯುತ್ತದೆ. ಹುಳದಲ್ಲಿ ಆ ನಂಟು ವಿಷವನ್ನು ಒಡೆಯುವ ಕಿಣ್ವದಲ್ಲಿಯೋ, ವಿಷ ಅಂಟಿಕೊಳ್ಳುವ ಜಾಗದ ಆಕಾರ ಬದಲಾದದ್ದರಲ್ಲಿಯೋ ಇರುತ್ತದೆ. ಯೋಗ್ಯತೆ ಎಂಬ ಒಂದು ಮಾತಿನ ಕೆಳಗೆ ಸಾವಿರ ಬೇರೆಬೇರೆ ಕಾರಣಗಳು ಅಡಗಿರುವುದರಿಂದಲೇ ಆ ಮಾತು ಬರಿದಾಗಿ ಕಾಣುತ್ತದೆ.

ಕಲ್ಪತರು, ತಿಪಟೂರು

ಅರ್ಧ ಒಪ್ಪಿದೆ ತಾಯಿ. ಉಳಿದರ್ಧಕ್ಕೆ ರಾತ್ರಿ ಯೋಚಿಸುತ್ತೇನೆ.

ಮಾವಿನ ತೋಪು, ಶ್ರೀನಿವಾಸಪುರ

ನನಗೆ ಹೊಳೆದದ್ದೊಂದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನಮ್ಮ ತೋಪಿನ ತೋತಾಪುರಿ ಮರಗಳೆಲ್ಲ ಕಸಿ ಮರಗಳು, ಅಂದರೆ ಒಂದೇ ಮರದ ರೆಂಬೆಗಳು ಬೇರೆಬೇರೆ ಬೇರಿನ ಮೇಲೆ ಕೂತಂತೆ. ಬೇಲಿಯಂಚಿನ ನಾಟಿ ಮಾವುಗಳು ಮಾತ್ರ ಓಟೆಯಿಂದ ಹುಟ್ಟಿದವು, ಒಂದರ ಕಾಯಿ ಇನ್ನೊಂದರಂತಿಲ್ಲ. ಕಸಿ ತೋಪಿಗೆ ಹೊಸ ರೋಗ ಬಂದರೆ ಒಂದು ಮರಕ್ಕಾದದ್ದೇ ಎಲ್ಲಕ್ಕೂ ಆಗುತ್ತದೆ, ಅಲ್ಲಿ ಆಯ್ಕೆಗೆ ಹಿಡಿಯಲು ತುದಿಯೇ ಇಲ್ಲ. ಹಾಗಾದರೆ ನೈಸರ್ಗಿಕ ಆಯ್ಕೆ ಎಲ್ಲ ಕಡೆಯೂ ನಡೆದೇ ತೀರುವ ನಿಯಮವಲ್ಲ, ಕೆಲವು ಷರತ್ತುಗಳಿದ್ದಲ್ಲಿ ಮಾತ್ರ ನಡೆಯುವಂಥದ್ದು ಎಂದಾಯಿತಲ್ಲವೇ?

ಅಂತರಗಂಗೆ, ಕೋಲಾರ

ಅಣ್ಣ, ನೀವು ತೋಪಿನಲ್ಲಿ ನಿಂತು ಕಂಡದ್ದನ್ನು 1970ರಲ್ಲಿ ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ ಸೂತ್ರವಾಗಿಯೇ ಬರೆದರು. ಒಂದರಂತೆ ಇನ್ನೊಂದಿರಬಾರದು, ಆ ವ್ಯತ್ಯಾಸದಿಂದ ಉಳಿವಿನಲ್ಲೋ ಮರಿಗಳ ಲೆಕ್ಕದಲ್ಲೋ ಅಂತರ ಬೀಳಬೇಕು, ವ್ಯತ್ಯಾಸವು ಮರಿಗಳಿಗೆ ಇಳಿಯಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಬದಲಾವಣೆ ಕೂಡುತ್ತ ಹೋಗುವುದಿಲ್ಲ. ಮೂರೂ ಇವೆಯೇ ಎಂಬುದನ್ನು ಅಳೆದೇ ತಿಳಿಯಬೇಕು, ಆದುದರಿಂದ ಸುತ್ತುವಾದದ ಆರೋಪ ಇಲ್ಲಿಯೂ ನಿಲ್ಲುವುದಿಲ್ಲ.

ಗೂಡಿನ ಸಂತೆ, ಶಿಡ್ಲಘಟ್ಟ

ನಮ್ಮದು ಮೂರು ತಲೆಮಾರಿನ ರೇಷ್ಮೆ ಮನೆ. ಒಂದು ಅನುಮಾನವಿದೆ. ನಾವು ಚಾಕಿ, ಅಂದರೆ ಎಳೆಯ ಹುಳು ತಂದು, ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಂಕಿ ತಟ್ಟೆಗೆ ಬಿಡುತ್ತೇವೆ. ಗೂಡು ಎಷ್ಟು ಚೆನ್ನಾಗಿದ್ದರೆ ಅಷ್ಟು ಬೇಗ ಹರಾಜಾಗಿ ಬಿಸಿನೀರಿಗೆ ಬೀಳುತ್ತದೆ, ಒಳಗಿನ ಹುಳು ಚಿಟ್ಟೆಯಾಗುವುದೇ ಇಲ್ಲ. ನೀವು ಹೇಳಿದ ಮೂರು ಷರತ್ತುಗಳ ಪ್ರಕಾರ ಒಳ್ಳೆಯ ಗೂಡು ಕಟ್ಟುವ ಗುಣ ಎಂದೋ ಅಳಿದುಹೋಗಬೇಕಿತ್ತು. ಆದರೆ ತಲೆಮಾರಿನಿಂದ ತಲೆಮಾರಿಗೆ ಗೂಡು ಉತ್ತಮವಾಗುತ್ತಲೇ ಬಂದಿದೆ. ಸತ್ತವರ ಗುಣ ಹೇಗೆ ಮುಂದುವರಿಯಿತು?

ಬೀಜದ ಗೂಡು, ಕುಣಿಗಲ್

ಅದಕ್ಕೆ ನಮ್ಮ ಸೀಮೆಯನ್ನು ಕೇಳಬೇಕು. ಇಲ್ಲಿ ಮೈಸೂರು ತಳಿಯ ಬೀಜದ ಗೂಡು ಬೆಳೆಯುತ್ತೇವೆ, ಅದು ನೂಲಿಗೆ ಹೋಗುವುದಿಲ್ಲ, ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಹೋಗುತ್ತದೆ. ಅಲ್ಲಿ ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್ 2ರಂಥ ವರ್ಷಕ್ಕೆ ಎರಡು ಪೀಳಿಗೆ ಕೊಡುವ ದ್ವಿತಳಿಯ ಗಂಡನ್ನು ಕೂಡಿಸಿ ತೆಗೆದ ಮೊಟ್ಟೆಯೇ ನಿಮ್ಮ ಮನೆಗೆ ಬರುವುದು. ‘ಕೋಲಾರ ಗೋಲ್ಡ್’ ಎಂಬ ಹೆಸರು ಆ ಮಿಶ್ರತಳಿಯದೇ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಗಂಟುರೋಗದ ಕಣ ಒಂದು ಕಂಡರೂ ಅದರ ಮೊಟ್ಟೆಗಳನ್ನು ನಾಶ ಮಾಡುತ್ತಾರೆ. ಅಂದರೆ ನಿಮ್ಮ ಹುಳುವಿನ ಭವಿಷ್ಯವನ್ನು ಅದರ ವಂಶಕ್ಕೆ ಹೊಂದಿಸಿ ನೋಡಬೇಕು. ನೀರಿಗೆ ಬಿದ್ದ ಹುಳುವಿನ ಗುಣ ಬೀಜಕ್ಕೆಂದು ಉಳಿಸಿಕೊಂಡ ಬಂಧುಗಳಲ್ಲಿ ಮುಂದುವರಿಯುತ್ತದೆ.

ಕಲ್ಪತರು, ತಿಪಟೂರು

ಇದು ಡಾರ್ವಿನ್ನನನ್ನೇ ಕಾಡಿದ ಪ್ರಶ್ನೆ. ಮರಿ ಹಾಕದ ಕೆಲಸಗಾರ ಇರುವೆಗಳ ಗುಣ ಹೇಗೆ ಉಳಿಯಿತು ಎಂದು ಅವನು ಯೋಚಿಸಿ, ಒಳ್ಳೆಯ ಮಾಂಸದ ದನವನ್ನು ಕಡಿದ ಮೇಲೆ ಸಾಕುವವನು ಅದೇ ವಂಶಕ್ಕೆ ನಂಬಿಕೆಯಿಂದ ಹಿಂದಿರುಗುತ್ತಾನಲ್ಲವೇ ಎಂದು ಉತ್ತರ ಕೊಟ್ಟ. ಆಯ್ಕೆ ನಡೆಯುವುದು ಒಂದು ಜೀವಿಯ ಮೇಲೋ, ಕುಟುಂಬದ ಮೇಲೋ, ವಂಶವಾಹಿಯ ಮೇಲೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಶಿಡ್ಲಘಟ್ಟದವರು ಆ ಜಗಳದ ಬಾಗಿಲನ್ನು ತೆರೆದುಬಿಟ್ಟಿರಿ.

ಪಾವಗಡದ ಬಿಸಿಲು

ಗೂಡು ಮೆಚ್ಚಿ ಬೀಜಕ್ಕೆ ಇಡುವವನು ಮನುಷ್ಯ. ಟೊಮೆಟೊ ಹುಳವನ್ನು ಆಯುವವರು ಯಾರು? ಆಯುವವನಿಲ್ಲದ ಆಯ್ಕೆ ಎಂಬುದು ವರನಿಲ್ಲದ ಮದುವೆಯಂತಿದೆ.

ಅಕ್ಕಡಿ ಸಾಲು, ಚಿಂತಾಮಣಿ

ರಾಗಿ ಹೊಲದಲ್ಲಿ ಕಳೆ ತೆಗೆದಿದ್ದೀರಾ? ಕಾಡು ರಾಗಿಯ ಪೈರು ತೆನೆ ಬರುವವರೆಗೆ ರಾಗಿಯ ಪೈರಿನಂತೆಯೇ ಇರುತ್ತದೆ. ಹೋದ ಸಲ ಕೂಲಿಯವರ ಜೊತೆ ಬಗ್ಗಿ ಕೂತು ನಾನೇ ಎರಡು ಸಾಲು ಕಿತ್ತೆ: ಬುಡ ಹಿಡಿದು ಚಪ್ಪಟೆಯೋ ದುಂಡೋ ಎಂದು ನೋಡಬೇಕು, ಅನುಮಾನವಾದರೆ ಬೆಳೆಯೆಂದು ಬಿಡಬೇಕು. ಬಿಟ್ಟದ್ದು ಕಳೆಯಾಗಿದ್ದರೆ ಬೀಜ ಉದುರಿಸುತ್ತದೆ. ರಾಗಿಯನ್ನು ಹೆಚ್ಚು ಹೋಲುವ ಕಳೆಯನ್ನು ಆಯ್ದು ಬೆಳೆಸಿದವರು ಕಳೆಯನ್ನು ಕೊಲ್ಲಲು ಹೋದ ನಾವೇ. ಇಲ್ಲಿ ಆಯ್ಕೆಯೂ ಇದೆ, ಕಣ್ಣೂ ಇದೆ, ಆದರೆ ಆದದ್ದು ಯಾರ ಉದ್ದೇಶವೂ ಅಲ್ಲ. ಬೇರೆ ಬೆಳೆಗಳ ಕಳೆಗಳಲ್ಲಿ ಇಂಥದ್ದನ್ನು ಗುರುತಿಸಿದ ರಷ್ಯಾದ ವಾವಿಲೋವನ ಹೆಸರೇ ಈ ಅನುಕರಣೆಗೆ ಬಂದಿದೆ. ಕಣ್ಣನ್ನೂ ತೆಗೆದುಬಿಡಿ, ಔಷಧಿಯ ಹನಿ ಉಳಿಯುತ್ತದೆ, ಟೊಮೆಟೊ ಹುಳವನ್ನು ಆಯುವುದು ಅದೇ.

ಕಲ್ಲುಕುಟಿಗ, ಚಿಕ್ಕಬಳ್ಳಾಪುರ

ಉದ್ದೇಶದ ಮಾತು ಬಂದದ್ದರಿಂದ ಹೇಳುತ್ತೇನೆ. ವ್ಯತ್ಯಾಸಗಳನ್ನೂ ದೇವರೇ ಒಂದು ದಿಕ್ಕಿಗೆ ನಡೆಸುತ್ತಿರಬಹುದು ಎಂದು ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ವಾದಿಸಿದಾಗ, ಡಾರ್ವಿನ್ 1868ರಲ್ಲಿ ಕಲ್ಲಿನ ಹೋಲಿಕೆ ಕೊಟ್ಟ. ಬೆಟ್ಟದ ಬುಡದಲ್ಲಿ ತಾನಾಗಿ ಉರುಳಿಬಿದ್ದ ಕಲ್ಲುಗಳಲ್ಲಿ ಉದ್ದನೆಯದನ್ನು ಬಾಗಿಲ ಮೇಲಕ್ಕೆ, ಚಪ್ಪಟೆಯದನ್ನು ಮಾಡಿಗೆ ಆರಿಸಿ ಒಬ್ಬನು ಮನೆ ಕಟ್ಟುತ್ತಾನೆ. ಒಂದೊಂದು ಕಲ್ಲು ಆ ಆಕಾರದಲ್ಲಿ ಸೀಳಿದ್ದಕ್ಕೆ ಬಂಡೆಯ ಪದರ, ಬಿಸಿಲು, ಮಳೆಯ ಕಾರಣಗಳಿವೆ, ಆದರೆ ಈ ಮನೆಗೆಂದು ಅದು ಸೀಳಲಿಲ್ಲ. ಬಂಡೆಯ ಪದರ ನೋಡಿ ಬೆಣೆ ಹೊಡೆದು ಚಪ್ಪಡಿ ತೆಗೆಯುವವರ ಮನೆಯಲ್ಲಿ ಹುಟ್ಟಿದ ನನಗೆ, ವಿಕಾಸದಲ್ಲಿ ‘ಅಕಸ್ಮಾತ್’ ಎಂದರೆ ಕಾರಣವಿಲ್ಲದ್ದು ಎಂದಲ್ಲ, ಬಳಕೆಯ ಕಡೆ ಕಣ್ಣಿಡದೆ ಆದದ್ದು ಎಂಬುದು ಈ ಹೋಲಿಕೆಯಿಂದಲೇ ಅರ್ಥವಾಯಿತು.

ಅಂತರಗಂಗೆ, ಕೋಲಾರ

ಇದು ಹಳೆಯ ಜಗಳ. ಮಳೆ ಪೈರು ಬೆಳೆಯಲೆಂದು ಸುರಿಯುವುದಿಲ್ಲ, ಕಣದಲ್ಲಿ ಕಾಳು ಕೆಟ್ಟರೆ ಕೆಡಿಸಲೆಂದು ಮಳೆ ಬಂತು ಎನ್ನುವುದಿಲ್ಲ, ಹಲ್ಲುಗಳೂ ಹಾಗೆಯೇ, ಉದ್ದೇಶವಿಲ್ಲದೆ, ಏಕೆ ಹುಟ್ಟಿರಬಾರದು ಎಂಬ ವಾದವನ್ನು ಅರಿಸ್ಟಾಟಲ್ ಎತ್ತಿ ಆಡಿ, ಸಾಮಾನ್ಯವಾಗಿ ಹಾಗೆಯೇ ನಡೆಯುವ ಸಂಗತಿ ಅಕಸ್ಮಾತ್ತಾಗಲಾರದು ಎಂದು ತಳ್ಳಿಹಾಕಿದ್ದ. ಕಣದ ಮೇಲೆ ಮಳೆ ಬಿದ್ದ ವರ್ಷ ನಮ್ಮ ಅಜ್ಜಿ ಮಾತ್ರ ಅದು ಬೇಕೆಂದೇ ಬಂತೆಂದು ಬೈಯುತ್ತಿದ್ದರು.

ಮಾತು ಹೇಗೂ ಕಣಕ್ಕೆ ಬಂದಿರುವುದರಿಂದ ಜರಡಿಯನ್ನೂ ಹಿಡಿಯೋಣ. ಹುರುಳಿಯೂ ಸಾಸಿವೆಯೂ ಬೆರೆತಿದ್ದಾಗ ಜರಡಿ ಆಡಿಸಿದರೆ ಕೆಳಗೆ ಬಿದ್ದದ್ದೆಲ್ಲ ಕಪ್ಪು. ಆದರೆ ಜರಡಿಗೆ ಬಣ್ಣ ಕಾಣುವುದಿಲ್ಲ, ಗಾತ್ರ ಮಾತ್ರ ಗೊತ್ತು. ತತ್ತ್ವಜ್ಞಾನಿ ಎಲಿಯಟ್ ಸೋಬರ್ 1984ರಲ್ಲಿ ಮಕ್ಕಳ ಆಟಿಕೆಯೊಂದರ ಮೂಲಕ ಈ ಭೇದವನ್ನೇ ತೋರಿಸಿದರು: ಆಯ್ಕೆಯಾದದ್ದು ಒಂದು, ಆಯ್ಕೆಗೆ ಕಾರಣವಾದದ್ದು ಇನ್ನೊಂದು. ಕಂಡ ಗುಣಕ್ಕೆಲ್ಲ ಒಂದೊಂದು ಪ್ರಯೋಜನ ಹೊಸೆಯುವವರು ಈ ಜರಡಿಯನ್ನು ಮನೆಯಲ್ಲಿ ನೇತುಹಾಕಿಕೊಳ್ಳಬೇಕು.

ಪಾವಗಡದ ಬಿಸಿಲು

ಬಲಿಷ್ಠ ಉಳಿಯುವುದು ನಿಸರ್ಗ ನಿಯಮ, ಸಣ್ಣ ರೈತ ಹೋಗಲಿ ಎನ್ನುವವರಿಗೂ ಇದರಿಂದ ಉತ್ತರವಿದೆಯೇ?

ಕಲ್ಪತರು, ತಿಪಟೂರು

ಇದೆ. ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ಹೊರಡುವುದಿಲ್ಲ ಎಂದು ಡಾರ್ವಿನ್ನನಿಗಿಂತ ನೂರು ವರ್ಷ ಮೊದಲೇ ತತ್ತ್ವಜ್ಞಾನಿ ಹ್ಯೂಮ್ ಎಚ್ಚರಿಸಿದ್ದ. ಅಲ್ಲದೆ ನೆಗ್ಗಿಲಿನ ಕತೆಯಲ್ಲಿ ಯೋಗ್ಯವಾದದ್ದು 1977ರಲ್ಲಿ ದಪ್ಪ ಕೊಕ್ಕು, 1983ರ ಮಳೆಯ ನಂತರ ಸಣ್ಣ ಕೊಕ್ಕು. ಅಂದಹಾಗೆ, ಉಳಿದರ್ಧವನ್ನೂ ಒಪ್ಪಿದ್ದೇನೆ ಎಂದು ಚಿಂತಾಮಣಿಯ ತಾಯಿಗೆ ತಿಳಿಸಬೇಕು.

ಸೀಮೆಸುಣ್ಣ, ಮುಳಬಾಗಿಲು (ಗುರುವಾರ ರಾತ್ರಿ)

ಎಲ್ಲರಿಗೂ ಉಪಕಾರವಾಯಿತು. ಇಂದು ತರಗತಿಗೆ ಒಂದು ಬೊಗಸೆ ನೆಗ್ಗಿಲ ಮುಳ್ಳು, ಒಂದು ಇಕ್ಕಳ, ಒಂದು ಹುಬ್ಬು ಕೀಳುವ ಚಿಮಟ ತೆಗೆದುಕೊಂಡು ಹೋದೆ. ಯಾವುದು ಗೆಲ್ಲುತ್ತದೆ ಎಂದು ಒಡೆಯುವ ಮೊದಲೇ ಬೋರ್ಡಿನ ಮೇಲೆ ಬರೆಸಿದೆ. ಆಮೇಲೆ ರಾಗಿ ಕಾಳು ಚೆಲ್ಲಿ ಮತ್ತೆ ಬರೆಸಿದೆ. ಆ ಹುಡುಗಿ ಎರಡೂ ಸಲ ಸರಿಯಾಗಿ ಬರೆದು, “ಹಾಗಾದರೆ ಹೊಡೆಯುವ ಮೊದಲೇ ಗಟ್ಟಿ ಹುಳ ತೋಟದಲ್ಲಿ ಇರುತ್ತದೆ, ನಾವು ಮೆತ್ತನೆಯವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತೇವೆ. ಸ್ವಲ್ಪ ಮೆತ್ತನೆಯವನ್ನು ಬದುಕಲು ಬಿಟ್ಟರೆ?” ಎಂದು ಕೇಳಿದಳು. ಹುಳ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಕೊಡುವಾಗ ಸುತ್ತಲೂ ಸಾದಾ ಹತ್ತಿ ಬಿತ್ತಬೇಕೆಂದು ಷರತ್ತು ಹಾಕಿದ್ದು ಇದೇ ಲೆಕ್ಕದಿಂದ, ಗಟ್ಟಿ ಹುಳಕ್ಕೆ ಮೆತ್ತನೆಯ ಜೋಡಿ ಸಿಗಲಿ, ಗಟ್ಟಿತನ ಮರಿಗಳಲ್ಲಿ ಬೇಗ ಹರಡದಿರಲಿ ಎಂದು, ಎಂದು ಹೇಳಿದೆ.

ಸಂಜೆ ಅವಳ ತಾತನ ಫೋನು ಬಂತು. ಎರಡು ಸಾಲು ಹುಳಕ್ಕೆ ಬಿಡು ಎಂದು ಮೊಮ್ಮಗಳು ಹಟ ಹಿಡಿದಿದ್ದಾಳೆ, ಆ ಎರಡು ಸಾಲಿನ ಹಣ ಮೇಷ್ಟ್ರು ಕೊಡುತ್ತಾರೆಯೇ ಎಂದು ಕೇಳಿದರು.

ಅಕ್ಕಡಿ ಸಾಲು, ಚಿಂತಾಮಣಿ

ಸುತ್ತಲಿನ ತೋಟದವರೂ ಬಿಟ್ಟರೆ ಮಾತ್ರ ಪ್ರಯೋಜನ ಎಂದು ತಾತನಿಗೆ ಹೇಳಿ ಮೇಷ್ಟ್ರೇ, ಒಬ್ಬರೇ ಬಿಟ್ಟರೆ ನಷ್ಟ ಅವರೊಬ್ಬರದೇ.

ಪಾವಗಡದ ಬಿಸಿಲು

ಎರಡು ಸಾಲಿಗೆ ಹದಿನೈದು ಕಿಲೋದ ಬಾಕ್ಸು ಎಷ್ಟಾಗುತ್ತದೆಯೋ ಮೊದಲು ಲೆಕ್ಕ ಹಾಕಿಕೊಳ್ಳಿ ಮೇಷ್ಟ್ರೇ, ಆಮೇಲೆ ಒಪ್ಪಿಕೊಳ್ಳಿ.